ಪ್ರಾಥಮಿಕ ಶಾಲೆಗಳೂ ನೆಲ-ಜಲಗಳ ಪಾಲನೆಯೂ

ರೋಹಿಣಿ ಮಳೆಯ ದಿನಗಳಲ್ಲಿ ನಮ್ಮ ನಾಡಿನ ಪ್ರಾಥಮಿಕ ಶಾಲೆಗಳು ಬೇಸಗೆಯ ಬಿಡುವನ್ನು ಮುಗಿಸಿಕೊಂಡು ಪುನಃ ಬಾಗಿಲು ತೆರೆಯುವುವು. ಅದಾದ ಕೆಲವೇ ದಿನಗಳಲ್ಲಿ ಜೂನ್ 5ನೆಯ ತಾರೀಖು ಬರುವುದು. 1973ರಿಂದ ಲೋಕದಲ್ಲೆಲ್ಲ ಪರಿಸರ ದಿನವೆಂದು ಆಚರಿಸಲ್ಪಡುತ್ತಿರುವ ಆ ದಿವಸ ಶಾಲೆಯ ಅಂಗಳದಲ್ಲಿ ಕುಳಿ ತೋಡುವರು. ಊರ ಪ್ರಮುಖರು ದಯಮಾಡಿಸುವರು. ಅರಣ್ಯ ಇಲಾಖೆಯವರ ಸಸ್ಯಕ್ಷೇತ್ರದಿಂದ ತಂದ ಒಂದು ಸಸಿಯನ್ನು ಹತ್ತು ಕೈಗಳು ಕೂಡಿ ಹಿಡಿದು ನಿಲ್ಲಿಸುವುವು. ಛಾಯಾಚಿತ್ರ ತೆಗೆದು, ಮಕ್ಕಳಿಗೆ ಮಿಠಾಯಿ ಹಂಚಿ ಸಮಾರಂಭವನ್ನು ಮುಗಿಸುವರು. ಮರುವರ್ಷ ಅದೇ ದಿನ, ಅದೇ ಅಂಗಳದಲ್ಲಿ, ಅನೇಕ ಕಡೆ ಅದೇ ಕುಳಿಯಲ್ಲಿಯೇ ಮತ್ತೊಂದು ಸಸಿ! ಹಿಂದಿನ ವರ್ಷದ ಸಸಿ ಏನಾಯಿತೆಂದು ಕೇಳುವವರಿಲ್ಲ. ಕೇಳಿದರೆ ಉತ್ತರ ಹೇಳತಕ್ಕವರು ಯಾರೆಂಬುದೂ ಗೊತ್ತಿಲ್ಲ.

ನೆಟ್ಟ ಸಸಿ ಒಣಗಿತೆಂಬುದು ಸಣ್ಣ ನಷ್ಟ. ಆದರೆ ಆ ಸಸಿ ಒಣಗುವುದನ್ನು ನೂರು ಮಕ್ಕಳು ದಿನದಿನವೂ ನೋಡುತ್ತ ಅಂಗಳ ದಾಟಿ ಹೋದರಲ್ಲ, ಅದು ದೊಡ್ಡ ನಷ್ಟ. ನೆಡುವುದು ಉತ್ಸವ, ಸಲಹುವುದು ಯಾರ ಕೆಲಸವೂ ಅಲ್ಲ ಎಂಬ ಪಾಠವನ್ನು ಅವರು ಯಾವ ಪುಸ್ತಕದ ನೆರವೂ ಇಲ್ಲದೆ ಕಲಿತುಕೊಂಡರು. ಇಂಥ ಪಾಠವನ್ನು ಕಲಿತ ಮಕ್ಕಳು ನಾಳೆ ಊರಿನ ಕೆರೆಯನ್ನೂ ಗೋಮಾಳವನ್ನೂ ಹೇಗೆ ನೋಡಿಕೊಂಡಾರು? ಈ ಪ್ರಶ್ನೆಯನ್ನು ವಾಚಕರ ಮುಂದಿಡುವುದೇ ಇಂದಿನ ಲೇಖನದ ಉದ್ದೇಶ.

ನಮ್ಮಲ್ಲಿ ವಿಧಿಗಳಿಗೂ ಆಜ್ಞೆಗಳಿಗೂ ಕೊರತೆಯಿಲ್ಲ. 1976ರಲ್ಲಿ ರಾಜ್ಯಾಂಗಕ್ಕೆ ಮಾಡಿದ 42ನೆಯ ತಿದ್ದುಪಡಿಯ ಮೂಲಕ ಅರಣ್ಯ, ಕೆರೆ, ನದಿ, ವನ್ಯಜೀವಿಗಳನ್ನು ಕಾಪಾಡುವುದು ಪ್ರತಿಯೊಬ್ಬ ಪೌರನ ಮೂಲಭೂತ ಕರ್ತವ್ಯವೆಂದು ಸಾರಲಾಯಿತು. 1991ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಪರಿಸರವಿಷಯವನ್ನು ಶಾಲೆಗಳಲ್ಲಿ ಕಡ್ಡಾಯವಾಗಿ ಬೋಧಿಸಬೇಕೆಂದು ತೀರ್ಪಿತ್ತಿತು. 2003ರಲ್ಲಿ ಅದನ್ನು ಮತ್ತೆ ಎಚ್ಚರಿಸಿ ಹೇಳಿತು. 2001ರಲ್ಲಿ ಕೇಂದ್ರಸರ್ಕಾರದವರು ರಾಷ್ಟ್ರೀಯ ಹಸಿರು ಪಡೆಯನ್ನು ಆರಂಭಿಸಿ, ಶಾಲೆಗಳಲ್ಲಿ ಪರಿಸರ ಸಂಘಗಳನ್ನು ಕಟ್ಟಲು ಧನಸಹಾಯವನ್ನೂ ಮಾಡಿದರು. ಪಠ್ಯಪುಸ್ತಕಗಳಲ್ಲಿ ಪರಿಸರ ಅಧ್ಯಯನವೆಂಬ ವಿಷಯವಿದೆ, ಪರೀಕ್ಷೆಗಳಲ್ಲಿ ಅದರ ಪ್ರಶ್ನೆಗಳಿವೆ. ನೀರನ್ನು ಹೇಗೆ ಉಳಿಸಬೇಕೆಂಬುದಕ್ಕೆ ಐದು ಅಂಶಗಳನ್ನು ಬರೆದು ಐದು ಅಂಕಗಳನ್ನು ಪಡೆಯುವ ಬಾಲಕನು, ಪರೀಕ್ಷೆ ಮುಗಿಸಿ ಹೊರಬಂದಾಗ ಶಾಲೆಯ ನಲ್ಲಿ ಸೋರುತ್ತಿದ್ದರೆ ಅದನ್ನು ತಿರುಗಿಸುವನೇ? ಅವನು ತಿರುಗಿಸದಿದ್ದರೆ ತಪ್ಪು ಅವನದಲ್ಲ. ನಾವು ಅವನಿಗೆ ಅಂಶಗಳನ್ನು ಕಲಿಸಿದೆವು. ನಲ್ಲಿಯನ್ನು ಅವನ ಕೈಗೆ ಒಪ್ಪಿಸಲಿಲ್ಲ.

ಕೈಗೆ ಕೆಲಸ ಕೊಡದ ವಿದ್ಯೆ ಅರೆವಿದ್ಯೆಯೆಂಬ ಮಾತು ಈ ದೇಶಕ್ಕೆ ಹೊಸದಲ್ಲ. 1937ರ ಅಕ್ಟೋಬರಿನಲ್ಲಿ ವರ್ಧಾದಲ್ಲಿ ಸೇರಿದ ಶಿಕ್ಷಣ ಪರಿಷತ್ತಿನಲ್ಲಿ ಮಹಾತ್ಮಾಜಿಯವರು ಪ್ರತಿಪಾದಿಸಿದ ತತ್ತ್ವವೇ ಅದು. ಡಾಕ್ಟರ್ ಜಾಕಿರ್ ಹುಸೇನರ ಸಮಿತಿಯು ಅದಕ್ಕೆ ಪಾಠಕ್ರಮದ ರೂಪವನ್ನು ಕೊಟ್ಟಿತು. ಸುತ್ತಲಿನ ನಿಸರ್ಗ, ಸಮಾಜ, ಕೈಗೆಲಸ ಈ ಮೂರರ ಮೂಲಕವೇ ಮಗುವಿಗೆ ಅಕ್ಷರವೂ ಗಣಿತವೂ ಬರಬೇಕೆಂಬುದು ಅದರ ಸಾರ. ನಮ್ಮ ನಾಡಿನಲ್ಲಿಯೇ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳನ್ನು ಗೋಡೆಗಳ ನಡುವಿನಿಂದ ಹೊರಕ್ಕೆ ಕರೆದೊಯ್ದು ಪ್ರಯೋಗಗಳನ್ನು ನಡೆಸಿದರು. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಮೊಳೆತ ನಲಿ-ಕಲಿಯೆಂಬ ಪದ್ಧತಿಯೂ ಮಗು ತಾನೇ ಮಾಡಿ ಕಲಿಯಬೇಕೆಂಬ ನಂಬಿಕೆಯಿಂದಲೇ ಹೊರಟದ್ದು. ಆದಕಾರಣ ನಾವು ಇಲ್ಲಿ ಸೂಚಿಸಲಿರುವುದು ಯಾವ ನೂತನ ಸಿದ್ಧಾಂತವೂ ಅಲ್ಲ. ಇದ್ದ ಸಿದ್ಧಾಂತವನ್ನು ದಿನಕ್ಕೆ ಅರ್ಧ ಘಂಟೆಯ ಕೆಲಸವಾಗಿ ಇಳಿಸಬೇಕೆಂಬುದಷ್ಟೇ ನಮ್ಮ ವಾದ.

ಮೊದಲು ತಟ್ಟೆ ತೊಳೆಯುವ ನೀರನ್ನು ನೋಡೋಣ. 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾಗಿ ಮುಂದೆ ರಾಜ್ಯದಲ್ಲೆಲ್ಲ ಹಬ್ಬಿದ ಅಕ್ಷರ ದಾಸೋಹದ ಪುಣ್ಯದಿಂದ ಮಧ್ಯಾಹ್ನ ಮಕ್ಕಳು ಶಾಲೆಯಲ್ಲಿಯೇ ಉಣ್ಣುವರು. ಉಂಡ ಮೇಲೆ ತಟ್ಟೆಯನ್ನೂ ಕೈಯನ್ನೂ ತೊಳೆಯುವುದಕ್ಕೆ ಒಂದೊಂದು ಮಗುವಿಗೆ ಎರಡು ಲೀಟರು ನೀರು ಹಿಡಿಯುವುದೆಂದು ಇಟ್ಟುಕೊಳ್ಳೋಣ. ಎಂಬತ್ತು ಮಕ್ಕಳ ಶಾಲೆಯಲ್ಲಿ ಅದು ದಿನಕ್ಕೆ 160 ಲೀಟರು. ಕಡ್ಡಾಯ ಶಿಕ್ಷಣದ ಕಾಯಿದೆಯು ಕೆಳತರಗತಿಗಳಿಗೆ ವಿಧಿಸಿರುವ ಶಾಲಾದಿನಗಳು 200. ಅಂದರೆ ವರ್ಷಕ್ಕೆ 32 ಸಾವಿರ ಲೀಟರು. ಈ ನೀರು ಇಂದು ಎಲ್ಲಿ ಹೋಗುತ್ತಿದೆ? ನಲ್ಲಿಯ ಬುಡದಲ್ಲಿ ಕೆಸರಾಗಿ ನಿಂತು ಸೊಳ್ಳೆಗಳನ್ನು ಸಾಕುತ್ತಿದೆ. ಅಲ್ಲಿಂದ ಒಂದು ಕಾಲುವೆಯನ್ನು ತೆಗೆದು, ಜಲ್ಲಿ ಮರಳುಗಳ ಸಣ್ಣ ಗುಂಡಿಯೊಂದರ ಮೂಲಕ ಹಾಯಿಸಿದರೆ ಎಂಟು ಹತ್ತು ಬಾಳೆಯ ಬುಡಗಳು ತಣಿಯುವುವು; ಪಕ್ಕದಲ್ಲಿ ನುಗ್ಗೆ, ಕರಿಬೇವುಗಳೂ ಬೆಳೆದಾವು. ಅಂಗಳದಲ್ಲಿ ಬೆಳೆದ ನುಗ್ಗೆಸೊಪ್ಪು ಮರುದಿನ ಸಾರಿನೊಳಗೆ ಬಿದ್ದು ತನ್ನ ತಟ್ಟೆಗೇ ಬರುವುದನ್ನು ಕಂಡ ಮಗುವಿಗೆ ನೀರಿನ ಮಹಿಮೆಯ ಕುರಿತು ಉಪನ್ಯಾಸ ಬೇಕಾಗದು. ಕೈ ಕೆಸರಾದರೆ ಬಾಯಿ ಮೊಸರೆಂಬ ಗಾದೆಯ ಅರ್ಥವೂ ಅಲ್ಲಿಯೇ ಆಯಿತು.

ಎರಡನೆಯದು ಮಳೆಯ ನೀರು. ಒಂದು ಚದರ ಮೀಟರು ಜಾಗದ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರು. ನೂರು ಚದರ ಮೀಟರಿನ ಶಾಲಾಮಾಡಿನ ಮೇಲೆ ವರ್ಷಕ್ಕೆ 600 ಮಿಲಿಮೀಟರು ಮಳೆ ಬೀಳುವ ಬಯಲುಸೀಮೆಯಲ್ಲಿಯೂ 60 ಸಾವಿರ ಲೀಟರು ನೀರು ಆಕಾಶದಿಂದ ಉಚಿತವಾಗಿ ಬರುವುದು. ಐದರಲ್ಲಿ ಒಂದು ಪಾಲು ಸೋರಿಹೋಯಿತೆಂದರೂ 48 ಸಾವಿರ ಉಳಿಯುವುದು. ಪಾವಗಡ, ಬಾಗೇಪಲ್ಲಿ, ಮುಂಡರಗಿಗಳಂಥ ತಾಲ್ಲೂಕುಗಳಲ್ಲಿ ಕೊಳವೆ ಬಾವಿಯ ನೀರಿನೊಳಗಿನ ಫ್ಲೋರೈಡಿನಿಂದ ಮಕ್ಕಳ ಹಲ್ಲುಗಳು ಕಂದುಗಟ್ಟಿ, ಎಲುಬುಗಳು ಕುಂದುವುದನ್ನು ಬಲ್ಲವರಿಗೆ ಈ ಶುದ್ಧಜಲದ ಬೆಲೆಯೇನೆಂದು ಹೇಳಬೇಕಾಗಿಲ್ಲ. ರಾಜ್ಯಸರ್ಕಾರದವರು 2006ರ ಸುಮಾರಿಗೆ ಸುವರ್ಣಜಲವೆಂಬ ಯೋಜನೆಯಡಿ ಸಾವಿರಾರು ಗ್ರಾಮೀಣ ಶಾಲೆಗಳಲ್ಲಿ ಮಳೆನೀರಿನ ತೊಟ್ಟಿಗಳನ್ನು ಕಟ್ಟಿಸಲು ಹೊರಟರು. ಉದ್ದೇಶ ಶ್ಲಾಘ್ಯವೇ. ಆದರೆ ಕೊಳವೆಗಳು ಮುರಿದು, ಸೋಸುವ ಮರಳು ಕಟ್ಟಿಕೊಂಡು ಅನೇಕ ತೊಟ್ಟಿಗಳು ಬರಿದಾಗಿ ನಿಂತವು. ಕಟ್ಟಿಸಿದವರು ಗುತ್ತಿಗೆದಾರರು, ನೋಡಿಕೊಳ್ಳುವವರು ಯಾರೆಂದು ಯಾರೂ ನಿಶ್ಚಯಿಸಿರಲಿಲ್ಲ. ಮಳೆಗಾಲಕ್ಕೆ ಮುಂಚೆ ಮಾಡನ್ನು ಗುಡಿಸುವುದು, ಮೊದಲ ಮಳೆಯ ನೀರನ್ನು ಹೊರಕ್ಕೆ ಬಿಡುವುದು, ಮರಳನ್ನು ತೊಳೆಯುವುದು, ಇಷ್ಟೇ ಅದರ ಪೋಷಣೆ. ಮಾಡಿನ ಕೆಲಸವು ಹಿರಿಯರದು. ಯಾವ ತಾರೀಖಿಗೆ ಅದು ಆಗಬೇಕೆಂದು ಹಲಗೆಯ ಮೇಲೆ ಬರೆದು, ಆಗದಿದ್ದರೆ ಪಂಚಾಯತಿಗೆ ಪತ್ರ ಬರೆಯುವ ಕೆಲಸವನ್ನು ಐದನೆಯ ತರಗತಿಯ ಮಕ್ಕಳು ಚೆನ್ನಾಗಿ ಮಾಡಬಲ್ಲರು. ಅರ್ಜಿ ಬರೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸಪಾಠ ಎಲ್ಲಿದೆ?

ನೇರವಾದ ಬದಿಗಳುಳ್ಳ ಒಂದು ಡಬ್ಬಿಯೂ ಒಂದು ಅಳತೆಪಟ್ಟಿಯೂ ಇದ್ದರೆ ಮಳೆಮಾಪಕ ಸಿದ್ಧವಾಯಿತು. ದಿನವೂ ಬೆಳಿಗ್ಗೆ ಒಂದೇ ಹೊತ್ತಿಗೆ ನೀರನ್ನು ಅಳೆದು ಪುಸ್ತಕದಲ್ಲಿ ಬರೆದಿಟ್ಟರೆ, ಆರಿದ್ರೆ ಎಷ್ಟು ಸುರಿಯಿತು, ಮಘೆ ಎಷ್ಟು ಕೈಕೊಟ್ಟಿತು ಎಂಬುದು ಊರಿಗೇ ತಿಳಿಯುವುದು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸರ್ಕಾರವೇ ಘೋಷಿಸಿತು. ಅಂಥ ವರ್ಷದಲ್ಲಿ ಊರಿನ ಮಳೆಯ ನಿಜವಾದ ಲೆಕ್ಕ ಶಾಲೆಯ ಪುಸ್ತಕದಲ್ಲಿ ಇದ್ದರೆ, ಮಗನು ಬರೆದ ಅಂಕಿಗಳನ್ನು ತಂದೆಯೂ ಆಸಕ್ತಿಯಿಂದ ನೋಡಿಯಾನು. ಶಾಲೆಗೂ ಹೊಲಕ್ಕೂ ನಡುವೆ ಕಡಿದುಬಿದ್ದ ಸೇತುವೆ ಇಂಥ ಸಣ್ಣ ಕೆಲಸಗಳಿಂದಲೇ ಮತ್ತೆ ಕೂಡುವುದು.

ಮೂರನೆಯದು ಕಸ. ಅಂಗಳದ ತರಗೆಲೆಗಳನ್ನು ಗುಡಿಸಿ ಮೂಲೆಯಲ್ಲಿ ಬೆಂಕಿಯಿಡುವುದು ನಮ್ಮ ಅನೇಕ ಶಾಲೆಗಳ ದಿನಚರಿ. ಕಸವನ್ನು ಬಯಲಿನಲ್ಲಿ ಸುಡಬಾರದೆಂದು 2016ರ ನಿಯಮಗಳೇ ಹೇಳಿದವು. ಆದರೂ ಹೊಗೆ ನಿಂತಿಲ್ಲ. ಮಕ್ಕಳು ಉಸಿರಾಡುವ ಗಾಳಿಯನ್ನು ಮಕ್ಕಳ ಕೈಯಿಂದಲೇ ಕೆಡಿಸುವುದು ಎಂಥ ಶಿಕ್ಷಣ? ಮೂರಡಿ ಗುಂಡಿಯಲ್ಲಿ ಎಲೆಯನ್ನೂ ಅಡುಗೆಮನೆಯ ತರಕಾರಿ ಸಿಪ್ಪೆಯನ್ನೂ ಪದರುಪದರಾಗಿ ಹಾಕಿ, ಮೇಲೆ ಸ್ವಲ್ಪ ಸಗಣಿನೀರು ಚಿಮುಕಿಸಿ, ಆಗಾಗ ಮಗುಚಿದರೆ ಮೂರು ನಾಲ್ಕು ತಿಂಗಳಲ್ಲಿ ಕಪ್ಪು ಗೊಬ್ಬರವಾಗುವುದು. ಪ್ಲಾಸ್ಟಿಕ್ಕಿನ ಪೊಟ್ಟಣ ಮಾತ್ರ ಅದೇ ಗುಂಡಿಯಲ್ಲಿ ಹಾಕಿದಂತೆಯೇ ಉಳಿಯುವುದು. ಒಂದು ಎಲೆಯನ್ನೂ ಒಂದು ತಿಂಡಿಯ ಪೊಟ್ಟಣವನ್ನೂ ಜೊತೆಯಾಗಿ ಹೂತು, ದಸರೆಯ ರಜೆ ಕಳೆದ ಮೇಲೆ ಅಗೆದು ನೋಡುವಂತೆ ಮಕ್ಕಳಿಗೆ ಹೇಳಿರಿ. ಕರ್ನಾಟಕದಲ್ಲಿ 2016ರಲ್ಲಿ ಪ್ಲಾಸ್ಟಿಕ್ ಚೀಲಗಳನ್ನೂ, ದೇಶದಲ್ಲೆಲ್ಲ 2022ರ ಜುಲೈಯಲ್ಲಿ ಒಮ್ಮೆ ಬಳಸಿ ಎಸೆಯುವ ಅನೇಕ ಪ್ಲಾಸ್ಟಿಕ್ ವಸ್ತುಗಳನ್ನೂ ಏಕೆ ನಿಷೇಧಿಸಿದರೆಂಬುದಕ್ಕೆ ಆ ಗುಂಡಿಯೇ ಸಾಕ್ಷಿ ಹೇಳುವುದು.

ಇನ್ನು ಗಿಡಗಳ ವಿಚಾರ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಹೋಗುವ ದಾರಿಯುದ್ದಕ್ಕೂ ನೂರಾರು ಆಲದ ಮರಗಳನ್ನು ಬೆಳೆಸಿದ ಸಾಲುಮರದ ತಿಮ್ಮಕ್ಕನವರು 2025ರ ನವೆಂಬರ್ 14ರಂದು ದಿವಂಗತರಾದರು. ಅವರಿಗೆ ಅಕ್ಷರ ಬರುತ್ತಿರಲಿಲ್ಲ. 2019ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಅವರ ಹಿರಿಮೆ ಇರುವುದು ನೆಟ್ಟದ್ದರಲ್ಲಿ ಅಲ್ಲ. ಪತಿಯೊಡನೆ ಕೊಡಗಳಲ್ಲಿ ನೀರು ಹೊತ್ತು ಎರೆದು, ದನಕರು ಮುಟ್ಟದಂತೆ ಮುಳ್ಳಿನ ಬೇಲಿ ಕಟ್ಟಿ, ವರ್ಷಗಟ್ಟಲೆ ಕಾದುದರಲ್ಲಿ. ಶಾಲೆಗಳು ಅವರ ಭಾವಚಿತ್ರವನ್ನು ಗೋಡೆಗೆ ಹಾಕಿದರೆ ಸಾಲದು. ಅವರ ಕೊಡವನ್ನು ಕೈಗೆತ್ತಿಕೊಳ್ಳಬೇಕು. ಇಲ್ಲಿ ಒಂದು ನಿಜವಾದ ತೊಡಕಿದೆ. ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗೆ ಶಾಲೆಗೆ ರಜೆ. ಸಸಿಗೆ ನೀರು ಅತ್ಯಂತ ಬೇಕಾದ ದಿನಗಳೂ ಅವೇ. ಜೂನ್ ತಿಂಗಳ ಸಸಿ ಸಾಯುವುದು ಮೇ ತಿಂಗಳಲ್ಲಿ. ಈ ಆರು ವಾರಗಳಿಗೆ ಏರ್ಪಾಡಿಲ್ಲದ ಶಾಲೆ ಸಸಿಯನ್ನು ನೆಡದಿರುವುದೇ ಮೇಲು. ಏರ್ಪಾಡೂ ಕಷ್ಟವಲ್ಲ: ಶಾಲೆಯ ಹತ್ತಿರದ ಮನೆಗಳ ಮಕ್ಕಳು ಸರದಿಯಂತೆ ಸಂಜೆ ಎರೆಯುವುದು, ಗ್ರಾಮ ಪಂಚಾಯತಿಯವರು ವಾರಕ್ಕೊಮ್ಮೆ ನೀರು ಪೂರೈಸುವುದು, ಬುಡಕ್ಕೆ ತರಗೆಲೆಯ ಹೊದಿಕೆ ಹಾಕುವುದು. ನೆಡುವುದೂ ಹತ್ತೇ ಆಗಲಿ, ಆದರೆ ನೆಲಕ್ಕೆ ಒಗ್ಗಿದ ಹೊಂಗೆ, ಬೇವು, ನೇರಳೆ, ಹುಣಸೆ, ನೆಲ್ಲಿಗಳಾಗಲಿ. ರಾಜ್ಯದಲ್ಲಿ ನಲವತ್ತು ಸಾವಿರದ ಆಸುಪಾಸಿನಲ್ಲಿರುವ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಒಂದೊಂದೂ ಹತ್ತು ಮರಗಳನ್ನು ಉಳಿಸಿಕೊಂಡರೆ ನಾಲ್ಕು ಲಕ್ಷ ಮರಗಳಾಗುವುವು. ಹನಿಗೂಡಿದರೆ ಹಳ್ಳ.

ಬೆಳೆದ ಮರವನ್ನು ನೋಡುವುದೂ ಒಂದು ಕೆಲಸವೇ. ಒಂದು ಮರವನ್ನು ಆರಿಸಿಕೊಂಡು ವಾರಕ್ಕೊಮ್ಮೆ ಅದರ ಚಿಗುರು, ಹೂ, ಕಾಯಿಗಳನ್ನು ಗುರುತಿಸಿ ಬರೆದಿಡುವ ಸೀಸನ್‌ವಾಚ್ ಎಂಬ ಕಾರ್ಯದಲ್ಲಿ ದೇಶದ ಅನೇಕ ಶಾಲೆಗಳು, ವಿಶೇಷತಃ ನೆರೆಯ ಕೇರಳದ ಶಾಲೆಗಳು, ಭಾಗಿಗಳಾಗಿವೆ. ಮಕ್ಕಳು ಬರೆದ ಆ ಲೆಕ್ಕವು ಋತುಗಳು ಹಿಂದುಮುಂದಾಗುತ್ತಿರುವ ಬಗೆಯನ್ನು ಅರಿಯುವುದಕ್ಕೆ ವಿಜ್ಞಾನಿಗಳಿಗೂ ನೆರವಾಗುವುದು. ನಮ್ಮೂರಿನ ಮಾವು ಎಂದು ಹೂ ಬಿಟ್ಟಿತೆಂಬುದನ್ನು ಬಲ್ಲ ಬಾಲಿಕೆಯು ವಿಜ್ಞಾನದ ಹೊಸ್ತಿಲನ್ನು ಆಗಲೇ ದಾಟಿದಳು.

ಈಗ ಆಕ್ಷೇಪಣೆಗಳಿಗೆ ಬರೋಣ. ಇದರಿಂದ ಪಾಠಗಳಿಗೆ ಹಾನಿಯೆಂದು ಕೆಲವು ತಾಯಿತಂದೆಗಳು ಹೇಳುವರು. ಮೇಲಿನ ಲೆಕ್ಕಗಳನ್ನು ಅವರು ಇನ್ನೊಮ್ಮೆ ನೋಡಬೇಕೆಂದು ನಮ್ಮ ವಿನಂತಿ. ಗುಣಾಕಾರ, ಭಾಗಾಕಾರ, ವಿಸ್ತೀರ್ಣ, ಸರಾಸರಿ ಎಲ್ಲವೂ ಅಲ್ಲಿವೆ. ಪುಸ್ತಕದ ತೊಟ್ಟಿಗೆ ನೀರು ತುಂಬುವ ಲೆಕ್ಕವನ್ನು ಮಾಡುವ ಹುಡುಗನು ಅಂಗಳದ ತೊಟ್ಟಿಯ ಲೆಕ್ಕವನ್ನು ಮಾಡಿದರೆ ಗಣಿತಕ್ಕೆ ಅಪಚಾರವಾಗದು.

ಎರಡನೆಯ ಆಕ್ಷೇಪಣೆ ಗಂಭೀರವಾದದ್ದು. ಅದನ್ನು ನಾವು ತಲೆಬಾಗಿ ಕೇಳಬೇಕು. ಶಾಲೆಯಲ್ಲಿ ಕೆಲಸವೆಂದೊಡನೆ ಪೊರಕೆ ಯಾರ ಕೈಗೆ ಬರುವುದು? ಗುಡಿಸುವುದು ಹುಡುಗಿಯರಿಗೆ, ಘಂಟೆ ಬಾರಿಸುವುದು ಹುಡುಗರಿಗೆ. ಕೊಳಕಾದ ಕೆಲಸ ಇಂಥ ಕೇರಿಯ ಮಕ್ಕಳಿಗೆ, ಅತಿಥಿಗಳಿಗೆ ಹೂಮಾಲೆ ಕೊಡುವ ಕೆಲಸ ಅಂಥ ಮನೆಯ ಮಕ್ಕಳಿಗೆ. ಈ ವಿಭಾಗವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಮಕ್ಕಳೆಲ್ಲರೂ ಅದನ್ನು ಬಲ್ಲರು. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಒಂದು ವಸತಿಶಾಲೆಯಲ್ಲಿ ದಲಿತ ಬಾಲಕರನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ಹೊರಬಿದ್ದಾಗ ನಾಡಿಗೆ ನಾಡೇ ತಲೆತಗ್ಗಿಸಬೇಕಾಯಿತು. ಮನುಷ್ಯರಿಂದ ಮಲ ಬಳಿಸುವುದನ್ನು 2013ರ ಕಾಯಿದೆಯು ಅಪರಾಧವೆಂದು ಸಾರಿದ ಹತ್ತು ವರ್ಷಗಳ ಅನಂತರ ನಡೆದ ಸಂಗತಿಯಿದು. ಪರಿಸರಸೇವೆಯ ಹೆಸರಿನಲ್ಲಿ ಇಂಥ ಅನ್ಯಾಯಕ್ಕೆ ಒಂದು ಗೇಣು ಎಡೆ ದೊರೆಯುವುದಾದರೂ ಆ ಸೇವೆ ನಮಗೆ ಬೇಡವೇ ಬೇಡ.

ಆದಕಾರಣ ಮೂರು ಕಟ್ಟಳೆಗಳನ್ನು ನಾವು ಸೂಚಿಸುತ್ತೇವೆ. ಶೌಚಗೃಹದ ಶುದ್ಧಿ, ಚರಂಡಿ, ಔಷಧಸಿಂಪಡಣೆ, ಮಾಡನ್ನು ಹತ್ತುವುದು ಇವು ಸಂಬಳ ಪಡೆಯುವ ವಯಸ್ಕರ ಕೆಲಸಗಳು. ಅವಕ್ಕೆ ಬೇಕಾದ ಹಣವನ್ನೂ ಸಲಕರಣೆಯನ್ನೂ ಸರ್ಕಾರದವರು ಕೊಡತಕ್ಕದ್ದು. ಉಳಿದ ಕೆಲಸಗಳ ಸರದಿಪಟ್ಟಿಯು ಎಲ್ಲರ ಕಣ್ಣಿಗೂ ಬೀಳುವಂತೆ ಗೋಡೆಯ ಮೇಲಿರಬೇಕು. ಹುಡುಗ ಹುಡುಗಿ, ಆ ಕೇರಿ ಈ ಕೇರಿ ಎಂಬ ಭೇದವಿಲ್ಲದೆ ಹಾಜರಿಪುಸ್ತಕದ ಅನುಕ್ರಮದಲ್ಲಿಯೇ ಅದು ನಡೆಯಬೇಕು. ಉಪಾಧ್ಯಾಯರ ಹೆಸರೂ ಅದರಲ್ಲಿ ಇರಬೇಕು. ಕಡೆಯದಾಗಿ, ಯಾವ ಕೆಲಸವನ್ನೂ ಶಿಕ್ಷೆಯಾಗಿ ವಿಧಿಸಬಾರದು. ತಡವಾಗಿ ಬಂದವನಿಗೆ ಪೊರಕೆ ಕೊಟ್ಟ ದಿನವೇ ಪೊರಕೆಯ ಮರ್ಯಾದೆ ಹೋಯಿತು. ಕಾಯಕವನ್ನೇ ದೊಡ್ಡದೆಂದ ಶರಣರು ಬಾಳಿದ ನಾಡಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿ ಬಂದದ್ದೇ ವಿಷಾದಕರ. ಮುಖ್ಯೋಪಾಧ್ಯಾಯರೇ ನೀರಿನ ಕೊಡವನ್ನು ಹಿಡಿದು ಅಂಗಳಕ್ಕೆ ಇಳಿದ ಶಾಲೆಯಲ್ಲಿ, ಕೈಗೆಲಸವು ಕೀಳೆಂಬ ಭಾವನೆಯನ್ನು ತೊಡೆಯುವುದಕ್ಕೆ ಬೇರೆ ನೀತಿಪಾಠ ಬೇಕಾಗದು.

ಕೆರೆಗಳನ್ನು ನುಂಗಿದವರೂ ಗುಡ್ಡಗಳನ್ನು ಬಗೆದವರೂ ದೊಡ್ಡವರು. ಪ್ರಾಯಶ್ಚಿತ್ತ ಮಾತ್ರ ಮಕ್ಕಳಿಗೆ ಏಕೆ ಎಂದು ಇನ್ನು ಕೆಲವರು ಕೇಳುವರು. ಮಾತು ಸತ್ಯ. ಶಾಲೆಯಲ್ಲಿ ಹತ್ತು ಗಿಡಗಳು ಬೆಳೆದುವೆಂಬ ಕಾರಣಕ್ಕೆ ಊರಾಚೆಯ ನೂರು ಮರಗಳ ಮೇಲೆ ಕೊಡಲಿ ಬೀಳುವುದನ್ನು ಯಾರೂ ಸಮರ್ಥಿಸಲಾಗದು. ಮಕ್ಕಳ ದುಡಿಮೆಯು ಅಧಿಕಾರಿಗಳ ಅಲಕ್ಷ್ಯಕ್ಕೆ ಹೊದಿಕೆಯಾಗಬಾರದು. ಆದರೆ ನಾವು ಮಕ್ಕಳಿಂದ ಬಯಸುವುದು ಪ್ರಾಯಶ್ಚಿತ್ತವನ್ನಲ್ಲ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನರು ಕೊಡಲಿಯ ಎದುರಿಗೆ ಮರಗಳನ್ನು ಅಪ್ಪಿ ನಿಂತರು. ಅವರು ಹಾಗೆ ನಿಂತದ್ದು ಯಾರದೋ ಭಾಷಣವನ್ನು ಕೇಳಿ ಮಾತ್ರವಲ್ಲ. ಆ ಕಾಡಿನ ಒಂದೊಂದು ಮರದ ಉಪಕಾರವನ್ನೂ ದಿನನಿತ್ಯದ ಬಾಳಿನಲ್ಲಿ ಅವರು ಬಲ್ಲವರಾಗಿದ್ದರು. ತಾನು ನೀರೆರೆದ ಮರವನ್ನು ಕಡಿಯಬಂದಾಗ ಏಕೆಂದು ಕೇಳುವ ಪ್ರಜೆ ಬೇಕಾದರೆ, ಎಂಟನೆಯ ವಯಸ್ಸಿನಲ್ಲಿ ಅವನ ಕೈಗೆ ಒಂದು ಗಿಡವನ್ನು ಒಪ್ಪಿಸಬೇಕು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಇದಕ್ಕೆ ಹೆಚ್ಚಿನ ಹಣವೂ ಬೇಡ, ಹೊಸ ಇಲಾಖೆಯೂ ಬೇಡ. ಶಾಲಾಭಿವೃದ್ಧಿ ಸಮಿತಿಯವರು ವರ್ಷಾರಂಭದಲ್ಲಿ ಒಂದು ದಿನ ಕುಳಿತು ತಮ್ಮ ಶಾಲೆಗೆ ಒಪ್ಪುವ ಎರಡು ಮೂರು ಕೆಲಸಗಳನ್ನು ಮಾತ್ರ ಆರಿಸಲಿ. ಮಲೆನಾಡಿನ ಶಾಲೆಗೂ ಬಯಲುಸೀಮೆಯ ಶಾಲೆಗೂ ಒಂದೇ ಸುತ್ತೋಲೆಯನ್ನು ಕಳಿಸುವ ಅಭ್ಯಾಸವನ್ನು ವಿದ್ಯಾ ಇಲಾಖೆಯವರು ಬಿಡಲಿ. ಛಾಯಾಚಿತ್ರಗಳನ್ನು ಕೇಳುವುದಕ್ಕೆ ಬದಲಾಗಿ ಕೆಲಸದ ಪುಸ್ತಕವನ್ನು ಕೇಳಲಿ. ಈಗಾಗಲೇ ಲೆಕ್ಕಪತ್ರಗಳ ಹೊರೆಯಿಂದ ಬಸವಳಿದಿರುವ ಉಪಾಧ್ಯಾಯರಿಗೆ ಇನ್ನೊಂದು ವರದಿಯನ್ನು ಹೊರಿಸದಿರಲಿ; ಆ ಪುಸ್ತಕವನ್ನು ಮಕ್ಕಳೇ ಬರೆಯಲಿ.

ಕೊನೆಯದಾಗಿ ಒಂದು ಮಾತು. ಬರುವ ಜೂನ್ 5ರಂದು ಶಾಲೆಗೆ ದಯಮಾಡಿಸುವ ಗಣ್ಯರು ಹೊಸ ಸಸಿಗೆ ಕೈಯಿಡುವ ಮುನ್ನ, ನಾಲ್ಕನೆಯ ತರಗತಿಯ ಒಬ್ಬ ಬಾಲಿಕೆಯು ಎದ್ದುನಿಂತು ಕೆಲಸದ ಪುಸ್ತಕವನ್ನು ಓದಲಿ: ಕಳೆದ ವರ್ಷ ನೆಟ್ಟದ್ದು ಇಷ್ಟು, ಉಳಿದದ್ದು ಇಷ್ಟು, ಸತ್ತದ್ದು ಇಷ್ಟು, ಸತ್ತದ್ದು ಏಕೆ. ಆ ಲೆಕ್ಕವನ್ನು ಕೇಳಿದ ಮೇಲೆಯೇ ಸಸಿ ನೆಡುವ ಅಧಿಕಾರ ಅವರಿಗೆ ಬರಲಿ. ಆ ಒಂದು ಓದು ನಡೆದ ಶಾಲೆಯಲ್ಲಿ ಅದೇ ಕುಳಿಯನ್ನು ಮತ್ತೆ ತೋಡಬೇಕಾದ ಪ್ರಸಂಗ ಬಾರದು.